ನಕ್ಷತ್ರಗಳ ತೂಕಕ್ಕೆ ಗಡಿ ಗುರುತಿಸಿದ ಚಂದ್ರಶೇಖರ್

ಮಕ್ಕಳೇ, ದೋಣಿಮಲೈ ಮತ್ತು ಸಂಡೂರು ಕಡೆಯವರಿಗೆ ಕೆಂಪು ಧೂಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ರಸ್ತೆ ಬದಿಯ ಬೇವಿನ ಎಲೆ, ಶಾಲೆಯ ಕಿಟಕಿ, ಒಣಹಾಕಿದ ಬಿಳಿ ಅಂಗಿ ಎಲ್ಲಕ್ಕೂ ಅದು ಅಂಟಿಕೊಳ್ಳುತ್ತದೆ. ಬೆಟ್ಟದ ಅದಿರನ್ನು ಹೊತ್ತು ಸಾಗುವ ಲಾರಿಗಳನ್ನೂ ರೈಲು ಡಬ್ಬಿಗಳನ್ನೂ ಹೊಸಪೇಟೆ, ಕಂಪ್ಲಿಯ ಮಕ್ಕಳಾದ ನೀವೂ ನೋಡಿರಬಹುದು. ಆ ಕೆಂಪು ಕಬ್ಬಿಣದ್ದು. ಕಬ್ಬಿಣವು ಆಮ್ಲಜನಕದೊಡನೆ ಸೇರಿ ಆದ ಹೆಮಟೈಟ್ ಎಂಬ ಅದಿರು ಈ ಬೆಟ್ಟಗಳಲ್ಲಿದೆ. ಇಲ್ಲಿನ ಶಿಲೆಗಳ ವಯಸ್ಸು ಸುಮಾರು 270 ಕೋಟಿ ವರ್ಷ.

ಶಿಲೆಯ ಒಳಗಿನ ಕಬ್ಬಿಣ ಇನ್ನೂ ಹಳೆಯದು. ಅದು ಭೂಮಿಯಲ್ಲಿ ಹುಟ್ಟಿದ್ದಲ್ಲ. ನಮ್ಮ ಸೂರ್ಯನೂ ಅದನ್ನು ತಯಾರಿಸಲಿಲ್ಲ. ಸೂರ್ಯ ಹುಟ್ಟುವ ಮೊದಲೇ ಸಿಡಿದುಹೋದ ನಕ್ಷತ್ರಗಳಲ್ಲಿ ತಯಾರಾಗಿ, ಆಕಾಶದಲ್ಲಿ ಚೆದುರಿ, ಭೂಮಿ ರೂಪುಗೊಳ್ಳುವಾಗ ಅದರೊಳಗೆ ಸೇರಿಕೊಂಡದ್ದು. ನಕ್ಷತ್ರಗಳು ಸಿಡಿಯುವ ದಾರಿಗಳು ಹಲವು. ಅವುಗಳಲ್ಲಿ ಒಂದು ಹೀಗೆ: ಉರಿದು ಮುಗಿದ ನಕ್ಷತ್ರವೊಂದು ಭೂಮಿಯಷ್ಟು ಗಾತ್ರಕ್ಕೆ ಕುಗ್ಗಿರುತ್ತದೆ. ಇದಕ್ಕೆ ಶ್ವೇತ ಕುಬ್ಜ ಎನ್ನುತ್ತಾರೆ. ಪಕ್ಕದ ನಕ್ಷತ್ರದಿಂದ ಅನಿಲವನ್ನು ಎಳೆದುಕೊಳ್ಳುತ್ತಾ ಅದರ ತೂಕ ಹೆಚ್ಚುತ್ತಾ ಹೋಗುತ್ತದೆ. ಸೂರ್ಯನ ತೂಕದ ಸುಮಾರು 1.4 ಪಟ್ಟನ್ನು ಸಮೀಪಿಸಿದಾಗ ಇಡೀ ನಕ್ಷತ್ರ ಬಾಂಬಿನಂತೆ ಸಿಡಿಯುತ್ತದೆ. ಆ ಒಂದೇ ಸಿಡಿತದಲ್ಲಿ ಸೂರ್ಯನ ಸುಮಾರು ಅರ್ಧ ತೂಕದಷ್ಟು ಕಬ್ಬಿಣ ಹೊರಬರುತ್ತದೆ.

ಈ 1.4 ಎಂಬ ಸಂಖ್ಯೆಗೆ ಚಂದ್ರಶೇಖರ್ ಮಿತಿ ಎಂದು ಹೆಸರು. ಅದನ್ನು ಲೆಕ್ಕ ಹಾಕಲು ಆರಂಭಿಸಿದಾಗ ಚಂದ್ರಶೇಖರ್ ಅವರಿಗೆ ಇನ್ನೂ 20 ತುಂಬಿರಲಿಲ್ಲ.

ಅವರ ಕತೆಯನ್ನು ಈಗ ಹೇಳಲು ಇನ್ನೊಂದು ಕಾರಣವಿದೆ. ಬೆಳಕನ್ನೇ ಬೀರದ ನಕ್ಷತ್ರಗಳು ಇರಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ನಮಗೆ ತಿಳಿದ ಯಾವ ಧಾತುವಿನಿಂದಲೂ ಆಗಿರದ, ಕಪ್ಪು ದ್ರವ್ಯ ಎಂಬ ಕಾಣದ ವಸ್ತುವಿನಿಂದಾದ ಪುಟ್ಟ, ಗಟ್ಟಿ ನಕ್ಷತ್ರಗಳವು. ಅಂಥ ನಕ್ಷತ್ರ ಎಷ್ಟು ದೊಡ್ಡದಿರಬಹುದು ಎಂದು ಕೇಳಿದರೆ, ವಿಜ್ಞಾನಿಗಳು ಇಂದಿಗೂ ಮೊದಲು ಆ ಹುಡುಗನ ಲೆಕ್ಕದ ದಾರಿಯನ್ನೇ ಹಿಡಿಯುತ್ತಾರೆ.

ಸುಬ್ರಹ್ಮಣ್ಯನ್ ಚಂದ್ರಶೇಖರ್ ಹುಟ್ಟಿದ್ದು 1910ರ ಅಕ್ಟೋಬರ್ 19ರಂದು, ಈಗ ಪಾಕಿಸ್ತಾನದಲ್ಲಿರುವ ಲಾಹೋರಿನಲ್ಲಿ. ತಮಿಳು ಕುಟುಂಬ. ತಂದೆ ಸಿ. ಸುಬ್ರಹ್ಮಣ್ಯ ಅಯ್ಯರ್ ಸರ್ಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿ. ವರ್ಗವಾದಂತೆಲ್ಲ ಮನೆಯೂ ಊರೂರಿಗೆ ಹೋಗುತ್ತಿತ್ತು. ಹತ್ತು ಮಕ್ಕಳ ಮನೆಯಲ್ಲಿ ಚಂದ್ರಶೇಖರ್ ಮೂರನೆಯವರು, ಗಂಡುಮಕ್ಕಳಲ್ಲಿ ಮೊದಲನೆಯವರು. ತಾಯಿ ಸೀತಾಲಕ್ಷ್ಮಿ ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಆದರೂ ಸ್ವಂತವಾಗಿ ಇಂಗ್ಲಿಷ್ ಕಲಿತು, ನಾರ್ವೆಯ ನಾಟಕಕಾರ ಇಬ್ಸೆನ್‌ನ ನಾಟಕವೊಂದನ್ನು ತಮಿಳಿಗೆ ತಂದಿದ್ದರು. ಹನ್ನೆರಡರ ವಯಸ್ಸಿನವರೆಗೆ ಚಂದ್ರಶೇಖರ್ ಶಾಲೆಗೇ ಹೋಗಲಿಲ್ಲ. ತಂದೆ, ತಾಯಿ ಮತ್ತು ಮನೆಪಾಠದ ಮೇಷ್ಟ್ರು ಕಲಿಸಿದ್ದೇ ಪಾಠ. ಕುಟುಂಬ 1918ರಲ್ಲಿ ಮದರಾಸಿಗೆ ಬಂದಿತ್ತು. ಅಲ್ಲಿನ ಹಿಂದೂ ಹೈಸ್ಕೂಲು, ಆಮೇಲೆ ಪ್ರೆಸಿಡೆನ್ಸಿ ಕಾಲೇಜು.

ತಂದೆಯ ತಮ್ಮ ಯಾರು ಗೊತ್ತೇ? ಸರ್ ಸಿ. ವಿ. ರಾಮನ್. ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಅಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ವಿಜ್ಞಾನಿ. ಆದರೆ ಚಿಕ್ಕಪ್ಪನ ಹೆಸರು ಹೇಳಿಕೊಂಡು ಮೇಲೆ ಬರುವುದು ಚಂದ್ರಶೇಖರ್‌ಗೆ ಬೇಕಿರಲಿಲ್ಲ. ಅವರಿಗೆ ಇಷ್ಟವಾದದ್ದು ಪ್ರಯೋಗಕ್ಕಿಂತ ಕಾಗದದ ಮೇಲಿನ ಗಣಿತ.

1928ರಲ್ಲಿ ಜರ್ಮನಿಯ ಭೌತವಿಜ್ಞಾನಿ ಸೊಮರ್‌ಫೆಲ್ಡ್ ಮದರಾಸಿಗೆ ಬಂದರು. ಅವರು ಬರೆದ ಪುಸ್ತಕವನ್ನು ಚಂದ್ರಶೇಖರ್ ಆಗಲೇ ಓದಿ ಮುಗಿಸಿದ್ದರು. ಧೈರ್ಯ ಮಾಡಿ ಅವರು ಉಳಿದುಕೊಂಡಿದ್ದ ಹೋಟೆಲಿಗೇ ಹೋಗಿ ಭೇಟಿಯಾದರು. ಆ ಪುಸ್ತಕ ಹಳೆಯದಾಯಿತು, ಅಣುಗಳ ವಿಜ್ಞಾನವೇ ಈಗ ಬದಲಾಗಿದೆ ಎಂದು ಸೊಮರ್‌ಫೆಲ್ಡ್ ತಿಳಿಸಿದರು. ಕಷ್ಟಪಟ್ಟು ಕಲಿತದ್ದು ಹಳತಾಯಿತೆಂದು ಕೇಳಿದರೆ ನಿಮಗೆ ಹೇಗಾಗುತ್ತದೆ? ಚಂದ್ರಶೇಖರ್‌ಗೂ ಬೇಸರವಾಯಿತು. ಆದರೆ ಅತಿಥಿ ಇನ್ನೂ ಅಚ್ಚಾಗದ ತಮ್ಮ ಹೊಸ ಲೇಖನದ ಪ್ರತಿಯನ್ನು ಹುಡುಗನ ಕೈಗೆ ಕೊಟ್ಟರು. ಅದನ್ನು ಓದಿ ಹೊಸ ದಾರಿ ಹಿಡಿದ ಚಂದ್ರಶೇಖರ್ ಕೆಲವೇ ತಿಂಗಳಲ್ಲಿ ತಮ್ಮದೇ ಲೇಖನ ಬರೆದರು. ಅದು 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಆಗ ತಾಯಿಗೆ ಕಾಯಿಲೆ ಜೋರಾಗಿತ್ತು. ಬಿಟ್ಟುಹೋದರೆ ಮತ್ತೆ ನೋಡುವುದು ಅನುಮಾನ. ಮಗ ಹೋಗಲೇಬೇಕೆಂದು ಹಟ ಹಿಡಿದವರು ಆ ತಾಯಿಯೇ. 1930ರ ಜುಲೈ 31ರಂದು ಮುಂಬಯಿಯಿಂದ ಹಡಗು ಹೊರಟಿತು. ಮರುವರ್ಷ ಮೇ ತಿಂಗಳಲ್ಲಿ ತಾಯಿ ತೀರಿಕೊಂಡರು. ಮಗ ದೂರದ ಕೇಂಬ್ರಿಜ್‌ನಲ್ಲಿದ್ದ.

ಹಡಗಿನ ಪ್ರಯಾಣವೆಂದರೆ ಎರಡು ವಾರಕ್ಕೂ ಹೆಚ್ಚು. ಮುಂಗಾರಿನ ಕಡಲು. ಹೊಯ್ದಾಟ ನಿಂತ ಮೇಲೆ ಚಂದ್ರಶೇಖರ್ ಕಾಗದ, ಪೆನ್ನು ಹಿಡಿದು ಕುಳಿತರು. ಅವರ ತಲೆಯಲ್ಲಿದ್ದದ್ದು ಶ್ವೇತ ಕುಬ್ಜಗಳು.

ಇಲ್ಲಿ ಒಂದು ನಿಮಿಷ ನಿಲ್ಲಿ. ಶ್ವೇತ ಕುಬ್ಜವನ್ನು ನೀವು ಬರಿಗಣ್ಣಿನಿಂದ ನೋಡಲಾರಿರಿ. ಆದರೆ ಅದು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬಹುದು. ಚಳಿಗಾಲದ ರಾತ್ರಿ ಮನೆಯ ಮಾಳಿಗೆ ಹತ್ತಿ. ಸಾಲಾಗಿ ಮೂರು ಚುಕ್ಕಿಗಳಿರುವ ಮಹಾವ್ಯಾಧ ನಿಮಗೆ ಗೊತ್ತು. ಆ ಮೂರು ಚುಕ್ಕಿಗಳ ಗೆರೆಯನ್ನು ಆಗ್ನೇಯದ ಕಡೆ ಮುಂದುವರಿಸಿದರೆ ಥಳಥಳ ಹೊಳೆಯುವ ಲುಬ್ಧಕ ಸಿಗುತ್ತದೆ. ರಾತ್ರಿ ಆಕಾಶದ ನಕ್ಷತ್ರಗಳಲ್ಲೆಲ್ಲ ಹೆಚ್ಚು ಪ್ರಕಾಶ ಅದರದೇ. 1844ರಲ್ಲಿ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞ ಲುಬ್ಧಕ ನೆಟ್ಟಗೆ ಸಾಗುತ್ತಿಲ್ಲ, ಅತ್ತಿತ್ತ ಓಲಾಡುತ್ತಾ ಸಾಗುತ್ತಿದೆ ಎಂದು ಕಂಡುಕೊಂಡರು. ಕೈ ಹಿಡಿದು ಗಿರಗಿರ ಸುತ್ತುವ ಇಬ್ಬರಲ್ಲಿ ಒಬ್ಬರು ಕಾಣದಿದ್ದರೆ, ಕಾಣುವವರ ಓಲಾಟದಿಂದ ಇನ್ನೊಬ್ಬರು ಇದ್ದಾರೆಂದು ಹೇಳಬಹುದಲ್ಲವೇ? ಹಾಗೆಯೇ ಲುಬ್ಧಕಕ್ಕೆ ಕಾಣದ ಜೊತೆಗಾರ ಇರಲೇಬೇಕೆಂದು ಬೆಸೆಲ್ ತೀರ್ಮಾನಿಸಿದರು. ಹದಿನೆಂಟು ವರ್ಷದ ಬಳಿಕ, 1862ರಲ್ಲಿ, ದೊಡ್ಡ ದೂರದರ್ಶಕದಲ್ಲಿ ಅದು ಮಸುಕಾಗಿ ಕಂಡಿತು. ಕಾಣದ್ದನ್ನು ಅದರ ಸೆಳೆತದಿಂದ ಪತ್ತೆ ಹಚ್ಚುವ ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಜೊತೆಗಾರನ ತೂಕ ಸೂರ್ಯನಷ್ಟು, ಗಾತ್ರ ಭೂಮಿಗಿಂತ ಸ್ವಲ್ಪ ಚಿಕ್ಕದು. ಅದರ ಒಂದು ಚಮಚ ವಸ್ತುವನ್ನು ಇಲ್ಲಿ ತೂಗಿದರೆ ಸುಮಾರು ಹತ್ತು ಟನ್ ತೂಗೀತು. ಚಮಚಕ್ಕೆ ಒಂದು ಲಾರಿ ಬೇಕು!

ಇಷ್ಟು ಒತ್ತಿ ತುಂಬಿದ ನಕ್ಷತ್ರ ತನ್ನದೇ ಭಾರಕ್ಕೆ ಇನ್ನೂ ಕುಸಿಯದೆ ನಿಲ್ಲುವುದು ಹೇಗೆ? ಸೂರ್ಯನಲ್ಲಿ ಒಳಗಿನ ಬಿಸಿ ಹೊರಕ್ಕೆ ತಳ್ಳುತ್ತದೆ. ಆದರೆ ಶ್ವೇತ ಕುಬ್ಜದಲ್ಲಿ ಒಲೆ ಆರಿದೆ. ಅಲ್ಲಿ ಭಾರ ಹೊರುವವು ಎಲೆಕ್ಟ್ರಾನುಗಳು. ಹಂಪಿಯ ಮೆಟ್ಟಿಲುಗಳ ಪುಷ್ಕರಣಿಯನ್ನು ನೆನಪಿಸಿಕೊಳ್ಳಿ. ಪ್ರತಿ ಮೆಟ್ಟಿಲಿನ ಮೇಲೆ ಇಬ್ಬರಿಗೆ ಮಾತ್ರ ಜಾಗ ಎಂದು ನಿಯಮವಿದೆಯೆನ್ನಿ. ಮೊದಲು ಬಂದವರು ಕೆಳಗಿನ ಮೆಟ್ಟಿಲಲ್ಲಿ ಕೂರುತ್ತಾರೆ. ಆಮೇಲೆ ಬಂದವರು ಮೇಲಿನ ಮೇಲಿನ ಮೆಟ್ಟಿಲಿಗೆ ಹೋಗಬೇಕು. ಎಲೆಕ್ಟ್ರಾನುಗಳ ನಿಯಮವೂ ಇಂಥದೇ. ವ್ಯತ್ಯಾಸವೆಂದರೆ, ಅವುಗಳ ಮೇಲಿನ ಮೆಟ್ಟಿಲೆಂದರೆ ಹೆಚ್ಚಿನ ವೇಗ. ಒತ್ತಿದಷ್ಟೂ ಅವು ವೇಗವಾಗಿ ಓಡಾಡಿ ಒತ್ತಡವನ್ನು ಎದುರಿಸುತ್ತವೆ. ಕೇಂಬ್ರಿಜ್‌ನ ಫೌಲರ್ 1926ರಲ್ಲಿ ಇದನ್ನು ತೋರಿಸಿದ್ದರು. ಎಷ್ಟೇ ಭಾರದ ನಕ್ಷತ್ರವಾದರೂ ಕೊನೆಗೆ ಶ್ವೇತ ಕುಬ್ಜವಾಗಿ ಶಾಂತವಾಗಿ ಉಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು.

ಚಂದ್ರಶೇಖರ್ ಒಂದು ಸಣ್ಣ ಪ್ರಶ್ನೆ ಕೇಳಿಕೊಂಡರು. ಮೇಲಿನ ಮೆಟ್ಟಿಲಿನ ಎಲೆಕ್ಟ್ರಾನುಗಳ ವೇಗ ಎಷ್ಟು? ಲೆಕ್ಕ ಹಾಕಿದರೆ ಬೆಳಕಿನ ವೇಗದ ಸಮೀಪಕ್ಕೆ ಬಂದಿತು. ಬೆಳಕಿಗಿಂತ ವೇಗವಾಗಿ ಯಾವುದೂ ಓಡಲಾರದು, ಇದು ಐನ್‌ಸ್ಟೈನ್ ಹೇಳಿದ ನಿಯಮ. ಅಂದರೆ ಎಲೆಕ್ಟ್ರಾನುಗಳ ಓಟಕ್ಕೆ ಒಂದು ಕೊನೆ ಇದೆ. ನಕ್ಷತ್ರ ಭಾರವಾದಂತೆ ಗುರುತ್ವದ ಬಲ ಏರುತ್ತಲೇ ಹೋಗುತ್ತದೆ, ಎದುರಿಸುವ ಬಲ ಅಷ್ಟು ಏರಲಾರದು. ಒಂದು ತೂಕ ದಾಟಿದರೆ ಗುರುತ್ವವೇ ಗೆಲ್ಲುತ್ತದೆ. ಹಡಗು ದಡ ಸೇರುವಷ್ಟರಲ್ಲಿ ಚಂದ್ರಶೇಖರ್ ಕೈಯಲ್ಲಿ ಈ ಫಲಿತಾಂಶವಿತ್ತು. 1931ರಲ್ಲಿ ಅದು ಅಚ್ಚಾಯಿತು. ಮೊದಲ ಲೆಕ್ಕದಲ್ಲಿ ಮಿತಿ ಸೂರ್ಯನ ತೂಕದ 0.91 ಪಟ್ಟು ಎಂದು ಬಂದಿತ್ತು, ನಕ್ಷತ್ರದೊಳಗಿನ ಧಾತುಗಳ ಬಗ್ಗೆ ತಿಳಿವಳಿಕೆ ಸುಧಾರಿಸಿದ ಮೇಲೆ ಅದು 1.4ರ ಹತ್ತಿರ ನಿಂತಿತು. ಜರ್ಮನ್ ಮೂಲದ ಆ್ಯಂಡರ್ಸನ್ ಮತ್ತು ಇಂಗ್ಲೆಂಡಿನ ಸ್ಟೋನರ್ ಕೂಡ ಅದೇ ಹೊತ್ತಿಗೆ ಇಂಥ ಮಿತಿಯ ಹತ್ತಿರ ಬಂದಿದ್ದರು. ಅದು ಚಂದ್ರಶೇಖರ್‌ಗೆ ಆಗ ಗೊತ್ತಿರಲಿಲ್ಲ.

ಗಮನಿಸಿದಿರಾ? ಈ ಲೆಕ್ಕದಲ್ಲಿ ಬೆಳಕಿನ ವೇಗವಿದೆ, ಆದರೆ ನಕ್ಷತ್ರ ಹೊಳೆಯುತ್ತದೆಯೋ ಇಲ್ಲವೋ ಎಂಬ ಮಾತೇ ಇಲ್ಲ. ಮೆಟ್ಟಿಲ ನಿಯಮ ಪಾಲಿಸುವ ಕಣ ಬೇಕು, ಗುರುತ್ವ ಬೇಕು. ಅಷ್ಟೇ. ಕಾಣದ ನಕ್ಷತ್ರಕ್ಕೂ ಇದು ಒಪ್ಪುತ್ತದೆ.

ಕೇಂಬ್ರಿಜ್‌ನಲ್ಲಿ 1933ರಲ್ಲಿ ಚಂದ್ರಶೇಖರ್ ಪಿಎಚ್.ಡಿ. ಪಡೆದರು. ಅಲ್ಲಿನ ಟ್ರಿನಿಟಿ ಕಾಲೇಜಿನ ಫೆಲೋ ಆದರು. ಮಿತಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಆದ್ದರಿಂದ ಒಂದೊಂದು ತೂಕದ ನಕ್ಷತ್ರಕ್ಕೂ ಬೇರೆ ಬೇರೆಯಾಗಿ, ಕೈಯಿಂದ ತಿರುಗಿಸುವ ಯಂತ್ರದಲ್ಲಿ ತಿಂಗಳುಗಟ್ಟಲೆ ಲೆಕ್ಕ ಹಾಕಿದರು. ಆ ದಿನಗಳಲ್ಲಿ ಅವರ ಕೋಣೆಗೆ ಮತ್ತೆ ಮತ್ತೆ ಬಂದು ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದವರು ಸರ್ ಆರ್ಥರ್ ಎಡಿಂಗ್ಟನ್. ಆ ಕಾಲದ ಖಗೋಳಜ್ಞರಲ್ಲಿ ಅವರಿಗಿಂತ ದೊಡ್ಡ ಹೆಸರಿರಲಿಲ್ಲ. ನಕ್ಷತ್ರಗಳ ಬಗ್ಗೆ ಅವರು ಬರೆದ ಪುಸ್ತಕವನ್ನು ಓದಿಯೇ ಚಂದ್ರಶೇಖರ್ ಈ ದಾರಿಗೆ ಬಂದದ್ದು.

1935ರ ಜನವರಿ 11. ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸಭೆ. 24 ವರ್ಷದ ಚಂದ್ರಶೇಖರ್ ತಮ್ಮ ಫಲಿತಾಂಶವನ್ನು ವಿವರಿಸಿದರು. ಮುಂದಿನ ಭಾಷಣ ಎಡಿಂಗ್ಟನ್‌ರದು. ಅವರು ಎದ್ದು ನಿಂತು ಈ ಮಿತಿಯ ಕಲ್ಪನೆಯೇ ತಪ್ಪು ಎಂದರು. ನಕ್ಷತ್ರವೊಂದು ಕುಗ್ಗಿ ಕುಗ್ಗಿ ಬೆಳಕನ್ನೂ ಹೊರಬಿಡದಷ್ಟು ಚಿಕ್ಕದಾಗುವುದು ಹಾಸ್ಯಾಸ್ಪದ, ಹಾಗೆ ಆಗದಂತೆ ತಡೆಯುವ ನಿಯಮ ಪ್ರಕೃತಿಯಲ್ಲಿ ಇದ್ದೇ ಇರಬೇಕು ಎಂಬುದು ಅವರ ವಾದ. ಮಾತುಗಾರಿಕೆಯಲ್ಲಿ ಅವರು ನಿಪುಣರು. ಸಭೆ ನಕ್ಕಿತು. ತಿಂಗಳುಗಟ್ಟಲೆ ಕೋಣೆಗೆ ಬಂದು ಲೆಕ್ಕ ನೋಡಿದವರು ಹೀಗೆ ಮಾತಾಡುತ್ತಾರೆಂಬ ಸುಳಿವೂ ಚಂದ್ರಶೇಖರ್‌ಗೆ ಇರಲಿಲ್ಲ. ಉತ್ತರ ಕೊಡಲು ಅವಕಾಶವೂ ಸಿಗಲಿಲ್ಲ.

ಎಡಿಂಗ್ಟನ್ ಹೇಳಿದ್ದರಲ್ಲಿ ತಪ್ಪಿದೆ ಎಂದು ಬೋರ್, ಪೌಲಿಯಂಥ ಭೌತವಿಜ್ಞಾನಿಗಳಿಗೆ ತಿಳಿದಿತ್ತು. ಖಾಸಗಿಯಾಗಿ ಹೇಳಿದರು, ಬಹಿರಂಗವಾಗಿ ಬಾಯಿ ಬಿಡಲಿಲ್ಲ. ನನಗೆ ಎಡಿಂಗ್ಟನ್‌ರ ನಗೆಗಿಂತ ಇವರ ಮೌನವೇ ಹೆಚ್ಚು ಬೇಸರ ತರುತ್ತದೆ. ಎಡಿಂಗ್ಟನ್ ತಾವು ನಂಬಿದ್ದನ್ನೇ ಹೇಳಿದರು. ಆ ನಗೆಯಿಂದ ಕುಸಿಯುವ ನಕ್ಷತ್ರಗಳ ಅಧ್ಯಯನ ವರ್ಷಗಳ ಕಾಲ ಹಿಂದೆ ಬಿತ್ತು.

ಚಂದ್ರಶೇಖರ್ ಜಗಳ ಮುಂದುವರಿಸಲಿಲ್ಲ. 1936ರಲ್ಲಿ ಊರಿಗೆ ಬಂದು, ಕಾಲೇಜಿನಲ್ಲಿ ಜೊತೆಗೆ ಓದಿದ್ದ ಲಲಿತಾ ಅವರನ್ನು ಮದುವೆಯಾದರು. 1937ರಲ್ಲಿ ಇಬ್ಬರೂ ಅಮೆರಿಕಕ್ಕೆ ಹೋದರು. ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸೇರಿದ ಯರ್ಕ್ಸ್ ವೀಕ್ಷಣಾಲಯದಲ್ಲಿ ಕೆಲಸ. ಅಲ್ಲಿ ಮೈಬಣ್ಣದ ಕಾರಣಕ್ಕೆ ಅವರನ್ನು ನಗರದ ತರಗತಿಗಳಲ್ಲಿ ಪಾಠಕ್ಕೆ ಕರೆಯಬಾರದೆಂದು ಒಬ್ಬ ಹಿರಿಯ ಅಧಿಕಾರಿ ತಡೆದರು. ವಿಶ್ವವಿದ್ಯಾಲಯದ ಅಧ್ಯಕ್ಷರು ಆ ಮಾತನ್ನು ತಳ್ಳಿಹಾಕಿದರು. ಚಂದ್ರಶೇಖರ್ ಕೊನೆಯವರೆಗೂ ಆ ವಿಶ್ವವಿದ್ಯಾಲಯದಲ್ಲಿಯೇ ಉಳಿದರು. ಮಿತಿಯ ವಿಷಯವನ್ನೆಲ್ಲ 1939ರಲ್ಲಿ ಒಂದು ಪುಸ್ತಕವಾಗಿ ಬರೆದಿಟ್ಟು ಬೇರೆ ವಿಷಯಕ್ಕೆ ಹೊರಳಿದರು. ಮುಂದೆ ಅದೇ ಅವರ ರೂಢಿಯಾಯಿತು. ಒಂದು ವಿಷಯವನ್ನು ಹತ್ತಾರು ವರ್ಷ ಅಗೆಯುವುದು, ದೊಡ್ಡ ಪುಸ್ತಕ ಬರೆಯುವುದು, ಆಮೇಲೆ ಹೊಸ ಪಾಠಶಾಲೆಗೆ ಸೇರಿದವರಂತೆ ಮತ್ತೊಂದನ್ನು ಕಲಿಯುವುದು. 1952ರಿಂದ 1971ರವರೆಗೆ ಒಂದು ದೊಡ್ಡ ಖಗೋಳ ಪತ್ರಿಕೆಯ ಸಂಪಾದಕರಾಗಿಯೂ ದುಡಿದರು. ಎಡಿಂಗ್ಟನ್‌ರೊಡನೆ ಸ್ನೇಹ ಕೆಡಲಿಲ್ಲ. 1944ರಲ್ಲಿ ಅವರು ತೀರಿಕೊಂಡಾಗ ಚಂದ್ರಶೇಖರ್ ಗೌರವದಿಂದಲೇ ನೆನೆದರು.

ಆಕಾಶ ತನ್ನ ಉತ್ತರವನ್ನು ತಡವಾಗಿ ಕೊಟ್ಟಿತು. 1967ರಲ್ಲಿ, ಅದೇ ಕೇಂಬ್ರಿಜ್‌ನಲ್ಲಿ, ಜೊಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿ ರೇಡಿಯೊ ದೂರದರ್ಶಕದಲ್ಲಿ ಟಿಕ್ ಟಿಕ್ ಎಂದು ಬಡಿಯುವ ಸಂಕೇತಗಳನ್ನು ಗುರುತಿಸಿದರು. ಅವು ನ್ಯೂಟ್ರಾನ್ ನಕ್ಷತ್ರಗಳು. ಮಿತಿ ದಾಟಿ ಕುಸಿದ ನಕ್ಷತ್ರದ ಒಡಲು ಅದು. ಅಡ್ಡಗಲ ಸುಮಾರು 20 ಕಿಲೊಮೀಟರ್, ಹೊಸಪೇಟೆಯಿಂದ ಹಂಪಿಗೆ ಹೋಗಿಬರುವಷ್ಟು ದಾರಿ. ಅದರ ಒಂದು ಚಮಚದ ತೂಕ ನೂರಾರು ಕೋಟಿ ಟನ್, ಚಮಚದಲ್ಲಿ ಒಂದು ಬೆಟ್ಟವೇ ತುಂಬಿದಂತೆ. ಇನ್ನೂ ಭಾರವಾದವು ಕಪ್ಪುಕುಳಿಗಳಾಗುತ್ತವೆ. ಎಡಿಂಗ್ಟನ್ ಹಾಸ್ಯಾಸ್ಪದವೆಂದದ್ದು ಇದನ್ನೇ.

ಇಲ್ಲಿ ನಮ್ಮ ಬೆಂಗಳೂರಿನ ಒಬ್ಬರು ಕತೆಯೊಳಗೆ ಬರುತ್ತಾರೆ. ಸಿ. ವಿ. ವಿಶ್ವೇಶ್ವರ. ಹುಟ್ಟಿದ್ದು 1938ರಲ್ಲಿ ಬೆಂಗಳೂರಿನಲ್ಲಿ, ಮುಂದೆ ಅಲ್ಲಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರಾದವರು. ಅಮೆರಿಕದಲ್ಲಿದ್ದಾಗ ಅವರು ಕೇಳಿಕೊಂಡ ಪ್ರಶ್ನೆ ಮಕ್ಕಳು ಕೇಳುವಂಥದು. ಕಪ್ಪುಕುಳಿಯಿಂದ ಬೆಳಕು ಬರುವುದಿಲ್ಲ. ಸರಿ, ಅದನ್ನು ತಟ್ಟಿದರೆ ಏನಾಗುತ್ತದೆ? ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಮ್ಮ ಬೆರಳಿನಿಂದ ತಟ್ಟಿ ಕಿವಿಗೊಡುವುದನ್ನು ನೋಡಿದ್ದೀರಿ. ಗಟ್ಟಿ ಮಡಕೆಯ ನಾದ ಬೇರೆ, ಬಿರುಕು ಬಿಟ್ಟದ್ದರ ನಾದ ಬೇರೆ. ಕಪ್ಪುಕುಳಿಯನ್ನು ಗುರುತ್ವದ ಅಲೆಯಿಂದ ತಟ್ಟಿದರೆ ಅದೂ ತನ್ನದೇ ಸ್ವರದಲ್ಲಿ ಮಿಡಿದು ಬೇಗನೆ ಅಡಗುತ್ತದೆ ಎಂದು ವಿಶ್ವೇಶ್ವರ 1970ರಲ್ಲಿ ಗಣಿತದಿಂದ ತೋರಿಸಿದರು. ಐದು ವರ್ಷದ ಬಳಿಕ, 1975ರಲ್ಲಿ, ಆ ಸ್ವರಗಳ ಲೆಕ್ಕವನ್ನು ಇನ್ನಷ್ಟು ನಿಖರವಾಗಿ ಮಾಡಿದವರು ಚಂದ್ರಶೇಖರ್ ಮತ್ತು ಅವರ ಜೊತೆ ಕೆಲಸ ಮಾಡಿದ ಡೆಟ್‌ವೈಲರ್. ಆಗ ಚಂದ್ರಶೇಖರ್‌ಗೆ 64. ನಲವತ್ತು ವರ್ಷ ಬಿಟ್ಟಿದ್ದ ಕುಸಿಯುವ ನಕ್ಷತ್ರಗಳ ಕಡೆಗೆ ಅವರು ಮರಳಿ ಬಂದಿದ್ದರು. 1983ರಲ್ಲಿ ಕಪ್ಪುಕುಳಿಗಳ ಗಣಿತವನ್ನು ಕುರಿತು ಅವರ ದೊಡ್ಡ ಪುಸ್ತಕ ಹೊರಬಂತು. ಅದೇ ವರ್ಷ ವಿಲಿಯಂ ಫೌಲರ್ ಎಂಬ ಅಮೆರಿಕದ ವಿಜ್ಞಾನಿಯೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಹಡಗಿನ ಲೆಕ್ಕಕ್ಕೆ ಆಗ 53 ವರ್ಷ ತುಂಬಿತ್ತು.

1995ರ ಆಗಸ್ಟ್ 21ರಂದು ಷಿಕಾಗೊದಲ್ಲಿ ಚಂದ್ರಶೇಖರ್ ತೀರಿಕೊಂಡರು. ಸಹೋದ್ಯೋಗಿಗಳು ಅವರನ್ನು ಚಂದ್ರ ಎಂದೇ ಕರೆಯುತ್ತಿದ್ದರು. ಕಪ್ಪುಕುಳಿ, ನ್ಯೂಟ್ರಾನ್ ನಕ್ಷತ್ರಗಳ ಸುತ್ತಲಿನ ಎಕ್ಸ್ ಕಿರಣಗಳನ್ನು ನೋಡಲು 1999ರ ಜುಲೈನಲ್ಲಿ ಅಮೆರಿಕ ಹಾರಿಸಿದ ದೂರದರ್ಶಕಕ್ಕೂ ಚಂದ್ರ ಎಂದೇ ಹೆಸರಿಟ್ಟರು.

ಈಗ ಕಾಣದ ನಕ್ಷತ್ರಗಳಿಗೆ ಬರೋಣ.

ನಾವು, ನೀವು, ಸಂಡೂರಿನ ಬೆಟ್ಟ, ಸೂರ್ಯ, ಎಲ್ಲ ನಕ್ಷತ್ರಗಳು, ಇವೆಲ್ಲ ಆಗಿರುವ ಸಾಮಾನ್ಯ ದ್ರವ್ಯಕ್ಕಿಂತ ಐದು ಪಟ್ಟಿಗೂ ಹೆಚ್ಚು ಕಪ್ಪು ದ್ರವ್ಯ ವಿಶ್ವದಲ್ಲಿದೆ. ಅದು ಬೆಳಕು ಬೀರುವುದಿಲ್ಲ, ಬೆಳಕನ್ನು ತಡೆಯುವುದೂ ಇಲ್ಲ. ನಕ್ಷತ್ರಪುಂಜಗಳನ್ನು ಸೆಳೆದು ಹಿಡಿದಿರುವುದರಿಂದ ಮಾತ್ರ ಅದು ಇದೆಯೆಂದು ತಿಳಿದಿದೆ. ಲುಬ್ಧಕದ ಓಲಾಟ ನೆನಪಿದೆಯಲ್ಲ, ಅದೇ ಉಪಾಯ. 1933ರಲ್ಲಿ ಜ್ವಿಕಿ ಎಂಬ ವಿಜ್ಞಾನಿ ಇದರ ಸುಳಿವು ಹಿಡಿದರು, 1970ರ ದಶಕದಲ್ಲಿ ವೇರಾ ರೂಬಿನ್ ಗಟ್ಟಿ ಪುರಾವೆ ಕೊಟ್ಟರು. ಅದು ಯಾವ ಕಣಗಳಿಂದ ಆಗಿದೆ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ.

ಆ ಕಣಗಳು ಒಟ್ಟುಗೂಡಿ ನಕ್ಷತ್ರವಾಗುವುದು ಸುಲಭವಲ್ಲ. ಅನಿಲದ ಮೋಡ ಬೆಳಕು ಸೂಸಿ ತಣ್ಣಗಾಗುತ್ತಾ ಕುಗ್ಗುತ್ತದೆ, ಹಾಗೆ ನಕ್ಷತ್ರ ಹುಟ್ಟುತ್ತದೆ. ಕಪ್ಪು ದ್ರವ್ಯಕ್ಕೆ ಬೆಳಕು ಸೂಸಲು ಬರುವುದಿಲ್ಲ, ಆದ್ದರಿಂದ ಅದು ದೊಡ್ಡ ಮೋಡವಾಗಿ ಹರಡಿಕೊಂಡೇ ಇರುತ್ತದೆ. ಆದರೆ ಅದರ ಒಂದು ಪಾಲಿಗಾದರೂ ನಮಗೆ ಕಾಣದ ಬೇರೆ ಬಗೆಯಲ್ಲಿ ತಣಿಯುವ ಶಕ್ತಿ ಇದ್ದರೆ? ಆಗ ಅದೂ ಕುಗ್ಗಿ ಗಟ್ಟಿಯಾದೀತು. ಆ ಕಣಗಳೂ ಎಲೆಕ್ಟ್ರಾನಿನಂತೆ ಮೆಟ್ಟಿಲ ನಿಯಮ ಪಾಲಿಸುವಂಥವಾದರೆ, ಆ ನಕ್ಷತ್ರಕ್ಕೂ ಚಂದ್ರಶೇಖರ್ ಹೇಳಿದಂಥ ಮಿತಿ ಬರುತ್ತದೆ. ಲೆಕ್ಕ ಸೊಗಸಾಗಿದೆ. ಕಣ ಹತ್ತು ಪಟ್ಟು ಭಾರವಾದರೆ ಮಿತಿ ನೂರು ಪಟ್ಟು ಕಡಿಮೆಯಾಗುತ್ತದೆ. ಕಣ ಹತ್ತು ಪಟ್ಟು ಹಗುರವಾದರೆ ಮಿತಿ ನೂರು ಪಟ್ಟು ಹೆಚ್ಚಾಗುತ್ತದೆ.

ಕಾಣದ್ದನ್ನು ಹುಡುಕುವುದು ಹೇಗೆ? ಮೊದಲ ದಾರಿ ಬೆಸೆಲ್‌ರದೇ. ಯುರೋಪಿನ ಗಾಯಾ ಉಪಗ್ರಹ 2014ರಿಂದ 2025ರ ಆರಂಭದವರೆಗೆ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಸ್ಥಾನವನ್ನು ಅಳೆಯಿತು. ಅದರ ನೆರವಿನಿಂದ 2022ರಲ್ಲಿ ಸೂರ್ಯನಂಥ ಒಂದು ನಕ್ಷತ್ರ ಕಾಣದ ಜೊತೆಗಾರನನ್ನು 186 ದಿನಕ್ಕೊಮ್ಮೆ ಸುತ್ತುತ್ತಿರುವುದು ತಿಳಿಯಿತು. ಜೊತೆಗಾರನ ತೂಕ ಸೂರ್ಯನ ಸುಮಾರು ಒಂಬತ್ತೂವರೆ ಪಟ್ಟು. ಅದು ಕಪ್ಪುಕುಳಿ ಎಂದು ಹೆಚ್ಚಿನವರ ಅಭಿಪ್ರಾಯ. ಕಪ್ಪು ದ್ರವ್ಯದ ನಕ್ಷತ್ರವೇಕಾಗಿರಬಾರದು ಎಂದು ಕೇಳಿದವರೂ ಇದ್ದಾರೆ. ಸೆಳೆತವೊಂದರಿಂದಲೇ ಇವೆರಡನ್ನು ಬೇರ್ಪಡಿಸುವುದು ಕಷ್ಟ.

ಎರಡನೆಯ ದಾರಿ ಬೆಳಕಿನ ಬಾಗುವಿಕೆ. ಭಾರವಾದ ವಸ್ತುವಿನ ಬಳಿ ಹಾಯುವ ಬೆಳಕು ಬಾಗುತ್ತದೆ. ಇದನ್ನು 1919ರ ಸೂರ್ಯಗ್ರಹಣದಲ್ಲಿ ಅಳೆದು ತೋರಿಸಿದ್ದು ಯಾರು ಗೊತ್ತೇ? ಅದೇ ಎಡಿಂಗ್ಟನ್! ಕಾಣದ ನಕ್ಷತ್ರವೊಂದು ದೂರದ ನಕ್ಷತ್ರಕ್ಕೂ ನಮಗೂ ನಡುವೆ ಹಾದರೆ ಮಸೂರದಂತೆ ವರ್ತಿಸುತ್ತದೆ. ಹಿಂದಿನ ನಕ್ಷತ್ರ ಕೆಲವು ದಿನ ಹೆಚ್ಚು ಪ್ರಕಾಶಮಾನವಾಗಿ ಕಂಡು ಮತ್ತೆ ಮೊದಲಿನಂತಾಗುತ್ತದೆ. ಪ್ರಕಾಶ ಏರಿ ಇಳಿಯುವ ಬಗೆಯಿಂದ ಮಸೂರ ಬಿಂದುವಿನಂತೆ ಚಿಕ್ಕದೋ, ಹತ್ತಿಯ ಉಂಡೆಯಂತೆ ಹರಡಿದ್ದೋ ಎಂದು ಊಹಿಸಬಹುದು. 1990ರ ದಶಕದಿಂದ ಲಕ್ಷಾಂತರ ನಕ್ಷತ್ರಗಳನ್ನು ಹೀಗೆ ಕಾದು ನೋಡಿದ್ದಾರೆ. ನಮ್ಮ ಆಕಾಶಗಂಗೆಯ ಕಪ್ಪು ದ್ರವ್ಯದ ಹೆಚ್ಚಿನ ಪಾಲು ನಕ್ಷತ್ರದಷ್ಟು ತೂಕದ ಗಟ್ಟಿ ಉಂಡೆಗಳಾಗಿಲ್ಲ ಎಂದು ಇದರಿಂದ ತಿಳಿದಿದೆ. ಅಲ್ಪ ಪಾಲು ಹಾಗಿರಬಾರದೆಂದೇನಿಲ್ಲ.

ಮೂರನೆಯದು ತಟ್ಟಿ ಕೇಳುವ ದಾರಿ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳು ಡಿಕ್ಕಿಯಾಗಿ ಒಂದಾದಾಗ ಹೊರಟ ಗುರುತ್ವದ ಅಲೆಗಳನ್ನು ಹಿಡಿದವು. ಡಿಕ್ಕಿಯ ಕೊನೆಯಲ್ಲಿ, ವಿಶ್ವೇಶ್ವರ ಹೇಳಿದ್ದಂತೆಯೇ, ಮಿಡಿದು ಅಡಗುವ ಸ್ವರವಿತ್ತು. ನಲವತ್ತೈದು ವರ್ಷ ಕಾದ ಅವರು ಅದನ್ನು ತಿಳಿದುಕೊಂಡೇ 2017ರ ಜನವರಿಯಲ್ಲಿ ತೀರಿಕೊಂಡರು. ಕಪ್ಪು ದ್ರವ್ಯದ ಎರಡು ನಕ್ಷತ್ರಗಳು ಡಿಕ್ಕಿಯಾದರೆ ಸ್ವರ ಬೇರೆಯಿರುತ್ತದೆ. ಹತ್ತಿರ ಬರುವಾಗಲೇ ಅವು ಹಿಟ್ಟಿನ ಉಂಡೆಯಂತೆ ಒಂದನ್ನೊಂದು ಹಿಗ್ಗಿಸುತ್ತವೆ. ಕಪ್ಪುಕುಳಿ ಹಾಗೆ ಹಿಗ್ಗುವುದಿಲ್ಲ. ಈ ವ್ಯತ್ಯಾಸವೂ ಅಲೆಯಲ್ಲಿ ಬರೆದಿರುತ್ತದೆ.

ವಿಜ್ಞಾನಿಗಳು ಹೆಚ್ಚು ಕುತೂಹಲದಿಂದ ಹುಡುಕುತ್ತಿರುವುದು ಸೂರ್ಯನಿಗಿಂತ ತುಂಬ ಹಗುರವಾದ, ಆದರೂ ನ್ಯೂಟ್ರಾನ್ ನಕ್ಷತ್ರದಂತೆ ಗಟ್ಟಿಯಾದ ಜೋಡಿಯನ್ನು. ನಕ್ಷತ್ರಗಳು ಸತ್ತು ಅಂಥ ಹಗುರ ಉಂಡೆಗಳಾಗುವ ದಾರಿ ನಮಗೆ ತಿಳಿದಿಲ್ಲ. ಚಂದ್ರಶೇಖರ್ ಮಿತಿಯೇ ಅದಕ್ಕೆ ಅಡ್ಡ ಬರುತ್ತದೆ. ಆ ಮಿತಿಗಿಂತ ಹಗುರವಾದದ್ದು ಶ್ವೇತ ಕುಬ್ಜವಾಗಿಯೇ ಉಳಿಯಬೇಕು, ಅಷ್ಟು ಚಿಕ್ಕದಾಗಬಾರದು. ಹಾಗೊಂದು ಸಿಕ್ಕರೆ ಅದು ಬೇರೆ ಯಾವುದೋ ವಸ್ತುವಿನದು ಎಂಬ ಅನುಮಾನ ಬಲವಾಗುತ್ತದೆ. ಖಚಿತವಾದದ್ದು ಇನ್ನೂ ಸಿಕ್ಕಿಲ್ಲ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ ಮಾದರಿಯ ಉಪಕರಣ ಕಟ್ಟಲು ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ನಾಲ್ಕು ನಾಲ್ಕು ಕಿಲೊಮೀಟರ್ ಉದ್ದದ ಎರಡು ಕೊಳವೆಗಳು ಅಲ್ಲಿ ಬರಲಿವೆ. ಅದು ಕೆಲಸ ಆರಂಭಿಸುವ ಹೊತ್ತಿಗೆ ನಿಮ್ಮಲ್ಲಿ ಕೆಲವರು ಕಾಲೇಜು ಮೆಟ್ಟಿಲು ಹತ್ತಿರಬಹುದು.

ಅಂಥ ಹಗುರ ನಕ್ಷತ್ರಗಳು ಸಿಕ್ಕಿದವು ಎನ್ನಿ. ಒಂದಲ್ಲ, ಹತ್ತಾರು ಸಿಕ್ಕು, ಅವುಗಳಲ್ಲಿ ಯಾವುದೂ ಒಂದು ತೂಕವನ್ನು ದಾಟದಿದ್ದರೆ, ಆ ತೂಕವೇ ಅವುಗಳ ಮಿತಿ. ಅದನ್ನು ಚಂದ್ರಶೇಖರ್ ಸೂತ್ರದಲ್ಲಿ ಹಾಕಿ ಹಿಂದಕ್ಕೆ ಲೆಕ್ಕ ಮಾಡಿದರೆ, ಇದುವರೆಗೆ ಯಾವ ಪ್ರಯೋಗಾಲಯಕ್ಕೂ ಸಿಗದ ಕಪ್ಪು ದ್ರವ್ಯದ ಕಣದ ತೂಕ ಸುಮಾರು ಎಷ್ಟೆಂದು ತಿಳಿಯುತ್ತದೆ. ಅದಕ್ಕೆ ಬೇಕಾಗುವುದು 1930ರಲ್ಲಿ ಹಡಗಿನ ಮೇಲಿದ್ದಷ್ಟೇ: ಕಾಗದ, ಪೆನ್ನು ಮತ್ತು ಸ್ವಲ್ಪ ಸಮಯ.